ಅಮ್ಮಾವ್ರು ಬಾಯಿ ತೆರೆದ ದಿನ

ನಮ್ಮ ಮನೆಯಲ್ಲಿ ದುಡಿಯುವವರು ನಾಲ್ಕು ಜನ, ದರ್ಬಾರು ಮಾಡುವವಳು ಒಬ್ಬಳು. ಅವಳಿಗೆ ಎಂಟು ವರ್ಷ, ನನ್ನ ತಮ್ಮನ ಮಗಳು. ಹುಟ್ಟಿನಿಂದ ಸೆರೆಬ್ರಲ್ ಪಾಲ್ಸಿ, ಜೊತೆಗೆ ಆಗಾಗ ಫಿಟ್ಸ್. ಕೈಕಾಲು ಅವಳು ಹೇಳಿದಂತೆ ಕೇಳುವುದಿಲ್ಲ, ಕತ್ತು ತನಗೆ ತೋಚಿದ ಕಡೆ ವಾಲುತ್ತದೆ, ಮಾತು ಹೊರಡುವುದಿಲ್ಲ. ಆದರೆ ಕಣ್ಣಿವೆಯಲ್ಲ! ಮೇಲೆ ನೋಡಿದರೆ ಹೌದು, ಗಟ್ಟಿಯಾಗಿ ಮುಚ್ಚಿದರೆ ಇಲ್ಲ. ಬಾಗಿಲ ಕಡೆ ತಿರುಗಿಸಿದರೆ ಯಾರಾದರೂ ಎದ್ದು ಚಪ್ಪಲಿ ಮೆಟ್ಟಲೇಬೇಕು. ಆ ಎರಡು ಕಣ್ಣಲ್ಲೇ ನಮ್ಮನ್ನೆಲ್ಲ ಬುಗುರಿಯಂತೆ ಆಡಿಸುತ್ತಾಳೆ. ಅದಕ್ಕೇ ಮನೆಯಲ್ಲಿ ಅವಳಿಗೆ ಅಮ್ಮಾವ್ರು ಎಂದು ಹೆಸರು.

ಇಂಥ ಅಮ್ಮಾವ್ರು ಕೆಲವು ತಿಂಗಳಿಂದ ಊಟದ ಹೊತ್ತಿಗೆ ಅಳಲು ಶುರು ಮಾಡಿದರು. ಎರಡು ತುತ್ತಿಗೇ ಮುಖ ಸಿಂಡರಿಸುವುದು, ಮುಷ್ಟಿಯನ್ನು ಹೇಗೋ ಎತ್ತಿ ಬಲಗೆನ್ನೆಗೆ ಗುದ್ದಿಕೊಳ್ಳುವುದು. “ಈ ಥರದ ಮಕ್ಕಳು ಹಾಗೇನೇ ಬಿಡಿ” ಎಂದು ಬಂದವರೆಲ್ಲ ಅಪ್ಪಣೆ ಕೊಡಿಸಿದರು. ನಾವೂ ನಂಬಿದೆವು. ನಾನು ದರ್ಜಿ, ಅವಳ ಫ್ರಾಕುಗಳನ್ನು ಹೊಲಿಯುವವಳು ನಾನೇ. ಒಂದೇ ಫ್ರಾಕನ್ನು ಮೂರನೇ ಸಲ ಬಿಗಿ ಮಾಡುವಾಗ ಸಿಟ್ಟು ನೆತ್ತಿಗೇರಿತು. “ಮಗು ಕರಗಿ ಹೋಗ್ತಿದೆ, ನೀವು ನೋಡ್ತಾ ಕೂತಿದ್ದೀರಾ?” ಎಂದು ಕೂಗಾಡಿ, ಎಲ್ಲರನ್ನೂ ಹಲ್ಲಿನ ಡಾಕ್ಟರ ಬಳಿ ಹೊರಡಿಸಿದೆ.

ಡಾಕ್ಟರು ಉದ್ದನೆಯ ಆಳು, ತಾಳ್ಮೆಯವರು. ಆ ತಾಳ್ಮೆಗೆ ಮೊದಲ ದಿನವೇ ಪರೀಕ್ಷೆ. ಪುಟ್ಟ ಕನ್ನಡಿ ಮುಂದಿನ ಹಲ್ಲಿಗೆ ತಗುಲಿತೋ ಇಲ್ಲವೋ, ಅಮ್ಮಾವ್ರ ದವಡೆ ಟಪ್ಪೆಂದು ಮುಚ್ಚಿತು. ಒಳಗೆ ಡಾಕ್ಟರ ಬೆರಳಿತ್ತು.

“ಅವಳ ತಪ್ಪಲ್ಲ” ಎಂದರು ಡಾಕ್ಟರು, ಕಣ್ಣಲ್ಲಿ ನೀರು ತುಂಬಿಕೊಂಡು. “ಏನಾದ್ರೂ ತಗುಲಿದ ತಕ್ಷಣ ದವಡೆ ತಾನಾಗೇ ಮುಚ್ಕೊಳ್ಳುತ್ತೆ. ಸ್ವಲ್ಪ ಬಿಟ್ರೆ ತಾನಾಗೇ ಸಡಿಲ ಆಗುತ್ತೆ.” ಬೆರಳು ವಾಪಸು ಬಂದ ಮೇಲೆ ಕಂಡದ್ದನ್ನು ಹೇಳಿದರು. ಬಲಗಡೆ ಹಿಂದಿನ ಎರಡು ಹಲ್ಲು ಹುಳುಕಾಗಿವೆ.

“ನಾವು ಚಾಕೊಲೇಟ್ ಮುಟ್ಟಿಸೋದೇ ಇಲ್ಲ ಸಾರ್” ಎಂದ ತಮ್ಮ, ರೋಷದಿಂದ.

“ಫಿಟ್ಸ್‌ಗೆ ಏನು ಕೊಡ್ತೀರಿ?”

“ಸಿರಪ್ಪು. ರಾತ್ರಿ ಹಲ್ಲುಜ್ಜಿಸಿ ಮಲಗಿಸೋವಾಗ.”

“ಆ ಸಿರಪ್ ಸಕ್ಕರೆ ಪಾಕ. ಇವಳು ನುಂಗೋದು ನಿಧಾನ, ಊಟ ಆಗಲಿ ಔಷಧಿ ಆಗಲಿ ಕೆನ್ನೆ ಸಂದಿಯಲ್ಲಿ ಉಳ್ಕೊಳ್ಳುತ್ತೆ. ರಾತ್ರಿಯಿಡೀ ಹಲ್ಲು ಅದರಲ್ಲೇ ನೆನೀತಾ ಇರುತ್ತೆ. ಔಷಧಿ ಮೊದಲು, ಹಲ್ಲುಜ್ಜೋದು ಆಮೇಲೆ. ಊಟ ಆದಮೇಲೆ ಒದ್ದೆ ಬಟ್ಟೆಯಿಂದ ಕೆನ್ನೆ ಒಳಗೆ ಒರೆಸಿ. ಉಜ್ಜೋವಾಗ ಹಿಂದೆ ಕೂತು, ತಲೆ ನಿಮ್ಮ ತೋಳಿಗೆ ಒರಗಿಸಿಕೊಳ್ಳಿ, ಕೆನ್ನೆ ಪಕ್ಕದಿಂದ ಬ್ರಶ್ ಒಳಗೆ ಬಿಡಿ. ಸಕ್ಕರೆ ಇಲ್ಲದ ಔಷಧಿ ಸಿಗುತ್ತಾ ಅಂತ ಅವಳ ಡಾಕ್ಟರನ್ನ ಕೇಳಿ.”

ಆಮೇಲೆ ಅಸಲು ವಿಷಯಕ್ಕೆ ಬಂದರು. ಅಮ್ಮಾವ್ರು ತಾವಾಗಿ ಬಾಯಿ ತೆರೆದರೆ ಹಲ್ಲುಗಳ ನಡುವೆ ರಬ್ಬರಿನ ತುಂಡು ಇಟ್ಟು, ಯಂತ್ರವಿಲ್ಲದೆ ಕೈಯಿಂದಲೇ ಹುಳುಕು ಕೆರೆದು ಸಿಮೆಂಟು ತುಂಬಬಹುದು. ತೆರೆಯದಿದ್ದರೆ ದೊಡ್ಡಾಸ್ಪತ್ರೆ, ಪೂರ್ತಿ ಪ್ರಜ್ಞೆ ತಪ್ಪಿಸಿಯೇ ಮಾಡಬೇಕು. ಆ ಮಾತಿಗೆ ತಮ್ಮನ ಹೆಂಡತಿಯ ಮುಖ ಬಿಳುಚಿತು. ಹೋದ ಚಳಿಗಾಲದಲ್ಲಿ ಕಫ ಕಟ್ಟಿ ಮಗು ಉಸಿರಿಗೆ ಒದ್ದಾಡಿದ್ದನ್ನು ಅವಳು ಮರೆತಿರಲಿಲ್ಲ. “ಎರಡು ವಾರ ಅಭ್ಯಾಸ ಮಾಡಿಸಿ ಕರ್ಕೊಂಡು ಬನ್ನಿ, ಇನ್ನೊಂದು ಸಲ ನೋಡೋಣ” ಎಂದರು ಡಾಕ್ಟರು.

ಅಭ್ಯಾಸಕ್ಕೆ ನಮ್ಮಲ್ಲಿ ಜಾಗಕ್ಕೇನು ಕಡಿಮೆ? ತಮ್ಮನದು ಕಟಿಂಗ್ ಶಾಪು. ಹಿಂದಕ್ಕೆ ಬಾಗುವ ಕುರ್ಚಿ, ತಲೆಗೆ ಒರಗು, ಎದುರಿಗೆ ಗೋಡೆಯಗಲದ ಕನ್ನಡಿ. ಮಧ್ಯಾಹ್ನ ಗಿರಾಕಿ ಕಡಿಮೆಯಾದ ಹೊತ್ತಿಗೆ ಅಮ್ಮಾವ್ರ ಸವಾರಿ ಅಲ್ಲಿಗೆ ಹೊರಡುತ್ತಿತ್ತು. ತಮ್ಮ ಬಾಯಿಗೆ ಕರ್ಚೀಫು ಕಟ್ಟಿ ಡಾಕ್ಟರಾದ. “ಎಲ್ಲಿ, ಆ ಅನ್ನು ಪುಟ್ಟಾ” ಎಂದು ಕರ್ಚೀಫು ಕೆಳಗಿಳಿಸಿ ಮೊದಲು ತಾನೇ ಬಾಯಿ ಕಳೆದ. ತುತ್ತು ಕೊಡುವಾಗ ನಮ್ಮ ಬಾಯೂ ತಾನಾಗಿ ತೆರೆಯುತ್ತದಲ್ಲ, ಹಾಗೆ ಅವಳಮ್ಮನೂ ತೆರೆದಳು. ನಾನು ತೆರೆದೆ. ಕೊನೆಗೆ ನಮ್ಮಮ್ಮ, ಅಂದರೆ ಅಮ್ಮಾವ್ರ ಅಜ್ಜಿ, “ಇದೇನು ಮಹಾ!” ಎನ್ನುತ್ತಾ ಕಟ್ಟಿಸಿಕೊಂಡ ಹಲ್ಲಿನ ಸೆಟ್ಟನ್ನೇ ಕಳಚಿ ಅಂಗೈಲಿಟ್ಟು ಬೊಚ್ಚುಬಾಯಿ ತೋರಿಸಿದಳು. ಕನ್ನಡಿಯಲ್ಲಿ ಈ ವೈಭವ ನೋಡಿ ಅಮ್ಮಾವ್ರಿಗೆ ಎಂಥ ನಗು ಬಂತೆಂದರೆ, ಬಾಯಿ ಅಗಲವಾಗಿ ತೆರೆದು ಹಾಗೇ ನಿಂತಿತು. ಒಂದು ದಿನ ಅರ್ಧ ಗಡ್ಡ ಹೆರೆಸಿಕೊಂಡು ಕೂತಿದ್ದ ಗಿರಾಕಿಯೂ ನೊರೆ ಸಮೇತ ಬಾಯಿ ತೆರೆದು ತನ್ನ ಸೇವೆ ಸಲ್ಲಿಸಿದ. ಎರಡು ವಾರಕ್ಕೆ ಪಕ್ಕಾ ಆಯಿತು ಎಂದು ನಾವು ಬೀಗಿದೆವು.

ಆ ದಿನ ಬಂತು. ಡಾಕ್ಟರ ಕೋಣೆ ಚಿಕ್ಕದು, ಇಬ್ಬರಿಗೆ ಮಾತ್ರ ಪ್ರವೇಶ. ಅವಳಮ್ಮ ಕುರ್ಚಿಯ ಹಿಂದೆ ನಿಂತು ತಲೆ ಹಿಡಿದಳು, ನಾನು ಕೈ ಹಿಡಿದೆ. “ಆ ಅನ್ನಮ್ಮಾ” ಎಂದರು ಡಾಕ್ಟರು. ಅಮ್ಮಾವ್ರ ಬಾಯಿಗೆ ಬೀಗ. ಮತ್ತೊಮ್ಮೆ ಕೇಳಿದರು, ಪುಸಲಾಯಿಸಿದರು, ಗೊಂಬೆ ಕುಣಿಸಿದರು. ಅವಳು ಡಾಕ್ಟರ ಮುಖವನ್ನೇ ನೆಟ್ಟ ನೋಟದಿಂದ ನೋಡುತ್ತಿದ್ದಳು, ಏನೋ ಬಾಕಿ ಇದೆ ಎಂಬಂತೆ.

“ಬಲವಂತ ಮಾಡೋದು ಬೇಡ” ಎಂದು ಡಾಕ್ಟರು ಕೈಗವಸು ಬಿಚ್ಚತೊಡಗಿದರು. “ದೊಡ್ಡಾಸ್ಪತ್ರೆಗೇ ಬರೆದುಕೊಡ್ತೀನಿ.”

ಅವಳಮ್ಮ ಕುರ್ಚಿಯ ಒರಗನ್ನು ಗಟ್ಟಿಯಾಗಿ ಹಿಡಿದುಕೊಂಡಳು. ನನಗೆ ದುಃಖ ಬಂದರೂ ಅದು ಸಿಟ್ಟಾಗಿಯೇ ಹೊರಬರುವುದು. ಅಮ್ಮಾವ್ರನ್ನು ಗದರಬೇಕೆಂದು ಬಗ್ಗಿದೆ. ಆ ಕಣ್ಣು ನೋಡಿದ ಮೇಲೆ ತಲೆಗೆ ಹೊಳೆಯಿತು. ಇದು ಹಟವಲ್ಲ. ನಾವು ಕಲಿಸಿದ್ದು ಹಾಗೇ ಅಲ್ಲವೇ? ಮೊದಲು ಡಾಕ್ಟರು ಬಾಯಿ ತೆರೆಯಬೇಕು. ಅವಳ ಸರದಿ ಇನ್ನೂ ಬಂದಿಲ್ಲ!

“ಸಾರ್, ದಯವಿಟ್ಟು ನೀವು ಆ ಅನ್ನಿ.”

“ಯಾರು, ನಾನಾ?”

“ಹೂಂ ಸಾರ್. ಮಾಸ್ಕ್ ತೆಗೆದು. ಅಗಲವಾಗಿ.”

ಡಾಕ್ಟರು ನನ್ನನ್ನು ಅನುಮಾನದಿಂದ ನೋಡಿದರೂ ಮಾಸ್ಕ್ ಇಳಿಸಿ ಬಾಯಿ ಕಳೆದರು. ಎಡಗಡೆ ದವಡೆಯಲ್ಲಿ ಅವರದೂ ಒಂದು ಹುಳುಕು ಹಲ್ಲಿತ್ತು, ಆದರೆ ನಾನು ಸಭ್ಯಸ್ಥೆ, ಸುಮ್ಮನಿದ್ದೆ. ಅಮ್ಮಾವ್ರು ಕಣ್ಣು ಮೇಲೆತ್ತಿದರು. ಮುಂದೆ ಅವಳಮ್ಮ ಬಗ್ಗಿ ಬಾಯಿ ತೆರೆದಳು, ನಾನು ತೆರೆದೆ. ಈಗ ಅಮ್ಮಾವ್ರ ಕಣ್ಣು ಬಾಗಿಲ ಕಡೆ ತಿರುಗಿತು.

“ಹೊರಗೆ ಹೋಗ್ಬೇಕಂತಾ?” ಎಂದರು ಡಾಕ್ಟರು.

“ಅಲ್ಲ ಸಾರ್, ಒಬ್ಬರು ಒಳಗೆ ಬರ್ಬೇಕು!” ಎಂದವಳೇ ಬಾಗಿಲು ತೆಗೆದು ಕಿರುಚಿದೆ. “ಅಮ್ಮಾ, ಬಾ ಬೇಗ, ಹಲ್ಲು ತೆಗಿ!”

ಕಾಯುತ್ತಿದ್ದ ರೋಗಿಗಳು ಬೆಚ್ಚಿಬಿದ್ದರು. ನಮ್ಮಮ್ಮ ದಾಪುಗಾಲು ಹಾಕುತ್ತಾ ಬಂದಳು, ಒಂದು ಮಾತಿಲ್ಲದೆ ಸೆಟ್ಟು ಕಳಚಿದಳು, ಬೊಚ್ಚುಬಾಯಿ ಅಗಲಿಸಿದಳು. ಅಮ್ಮಾವ್ರು ನಕ್ಕರು. ಮೈಯೆಲ್ಲ ಕುಲುಕಿಸಿಕೊಂಡು, ಕಿರುನಾಲಿಗೆ ಕಾಣುವಷ್ಟು ಬಾಯಿ ತೆರೆದು ನಕ್ಕರು. ಡಾಕ್ಟರ ಕೈ ಚುರುಕು. ಕೆನ್ನೆಯ ಪಕ್ಕದಿಂದ ರಬ್ಬರಿನ ತುಂಡು ಒಳಗೆ ಜಾರಿತು, ದವಡೆ ಅದರ ಮೇಲೆ ಮೆತ್ತಗೆ ಕೂತಿತು. ಕೆರೆದರು, ಒರೆಸಿದರು, ತುಂಬಿದರು. ನಡುನಡುವೆ ನಿಲ್ಲಿಸಿ ಉಸಿರಾಡಲು ಬಿಟ್ಟರು. ಅಷ್ಟು ಹೊತ್ತೂ ನಮ್ಮಮ್ಮ ಬಾಯಿ ಮುಚ್ಚಲಿಲ್ಲ. ಎಲ್ಲಿ ಮೊಮ್ಮಗಳು ಮನಸ್ಸು ಬದಲಿಸುತ್ತಾಳೋ ಎಂಬ ಭಯ ಅವಳಿಗೆ.

“ಆಯ್ತು” ಎಂದರು ಡಾಕ್ಟರು. “ಎರಡೂ ಉಳ್ಕೊಂಡ್ವು. ದೊಡ್ಡಾಸ್ಪತ್ರೆ ಬೇಡ.” ತಮ್ಮನ ಹೆಂಡತಿ ಅಲ್ಲೇ ನೆಲದ ಮೇಲೆ ಕೂತು ಸೆರಗಲ್ಲಿ ಮುಖ ಮುಚ್ಚಿಕೊಂಡಳು. ನಾನು ಖುಷಿಗೆ ಡಾಕ್ಟರ ಹುಳುಕು ಹಲ್ಲಿನ ವಿಷಯವನ್ನೂ ಹೇಳಿಬಿಟ್ಟೆ.

ಅವರು ಹೇಳಿದಷ್ಟು ಹೊತ್ತು ಕಾದು ಮನೆಯಲ್ಲಿ ಊಟಕ್ಕೆ ಕೂರಿಸಿದೆವು. ಅವಳಮ್ಮ ಮೆತ್ತಗೆ ಕಲಸಿ ಒಂದು ಚಮಚ ಕೊಟ್ಟಳು. ಅಳಲಿಲ್ಲ. ಇನ್ನೊಂದು, ಮತ್ತೊಂದು. ಮುಷ್ಟಿ ಮಡಿಲಲ್ಲೇ ಇತ್ತು. ಬಟ್ಟಲು ಖಾಲಿಯಾಯಿತು. ಅವಳಮ್ಮ ಚಮಚ ಕೆಳಗಿಟ್ಟು, ಸಣ್ಣ ದನಿಯಲ್ಲಿ ಕೇಳಿದಳು.

“ಚಿನ್ನಾ, ಇಷ್ಟು ದಿನ ಹಲ್ಲು ನೋಯ್ತಾ ಇತ್ತಾ?”

ಅಮ್ಮಾವ್ರು ಕಣ್ಣು ಮೇಲೆತ್ತಿದರು. ಎತ್ತಿದವರು ಬೇಗ ಇಳಿಸಲಿಲ್ಲ.

ಹೌದು ಎನ್ನಲು ಅವಳಿಗೆ ಮೊದಲಿಂದಲೂ ಬರುತ್ತಿತ್ತು. ಕೇಳಿದವರೇ ಇರಲಿಲ್ಲ. ತಮ್ಮ ಗೋಡೆ ಕಡೆ ತಿರುಗಿ ಅತ್ತ. ನಾನಂತೂ ಎಲ್ಲರೆದುರೇ ಗೊಳೋ ಎಂದೆ.

“ಈಗ ನೋಯ್ತಿದೆಯಾ ಕಂದಾ?”

ಕಣ್ಣು ಗಟ್ಟಿಯಾಗಿ ಮುಚ್ಚಿತು, ಮೂಗು ಸುಕ್ಕಾಗುವಷ್ಟು ಗಟ್ಟಿಯಾಗಿ. ಆಮೇಲೆ ತೆರೆದು, ಅಳುತ್ತಿದ್ದ ನಮ್ಮನ್ನೆಲ್ಲ ಒಂದು ಸುತ್ತು ನೋಡಿ, ನೇರ ಖಾಲಿ ಬಟ್ಟಲ ಮೇಲೆ ನಿಂತಿತು. ಇನ್ನೂ ಬೇಕಂತೆ. ನಾಲ್ವರೂ ಒಟ್ಟಿಗೇ ಅಡುಗೆಮನೆಗೆ ಓಡಿದೆವು.