ಎಂಜಿನ್ ಎತ್ತುವಾಗ ‘ನಿಲ್ಲಿ’ ಅಂದರೆ ನಿಲ್ಲಬೇಕು

ಎಂಜಿನ್ ಅಬ್ಬರಿಸುತ್ತಿತ್ತು, ಗಾಡಿ ಮಾತ್ರ ನಿಂತಲ್ಲೇ ನಿಂತಿತ್ತು. ಕಾಲುವೆ ಏರಿ ಸಮ ಮಾಡುವ ಹಳೆಯ ಚೈನ್ ಟ್ರ್ಯಾಕ್ಟರ್ ಅದು. ಟೈರಿನ ಬದಲು ಕಬ್ಬಿಣದ ಪಟ್ಟಿಯ ಮೇಲೆ ತೆವಳುವುದರಿಂದ ಎಲ್ಲರ ಬಾಯಲ್ಲೂ ಅದಕ್ಕೆ ‘ಆಮೆ’ ಎಂದೇ ಹೆಸರು. ಆಮೆಯ ಮಾಲೀಕ ಕಂಡಕಂಡವರ ಮಾತು ಕೇಳಿ, ಎಣ್ಣೆ ಬದಲಿಸಿ, ಪೆಡಲ್ ಬಿಗಿ ಮಾಡಿಸಿ, ಯಾವುದೂ ನಡೆಯದೆ ಕೊನೆಗೆ ಅದನ್ನು ಎಳೆಸಿಕೊಂಡು ರಿಪೇರಿ ಮೇಸ್ತ್ರಿಯ ಶೆಡ್ಡಿಗೇ ಬಂದ.

“ಊರಿಗೆ ಬಂದವಳು ನೀರಿಗೆ ಬರದೇ ಇರ್ತಾಳಾ!” ಎಂದು ಮೇಸ್ತ್ರಿ ಮೀಸೆಯಡಿಯಲ್ಲೇ ನಕ್ಕರು. “ಕ್ಲಚ್ ಪ್ಲೇಟ್ ಸವೆದುಹೋಗಿದೆ. ಎಂಜಿನ್ ಆಚೆ ತೆಗೀದೆ ಅದು ಕೈಗೆ ಸಿಗಲ್ಲ. ಬಿಟ್ಟು ಹೋಗಿ, ಸಂಜೆ ಬನ್ನಿ.”

ಮರುಕ್ಷಣವೇ ಕೆಲಸ ಶುರು. ಮೇಸ್ತ್ರಿಯೂ ಮಗನೂ ಬಾನೆಟ್ ತೆಗೆದರು, ಬ್ಯಾಟರಿ ತಂತಿ ಬಿಚ್ಚಿದರು, ನೀರು, ಎಣ್ಣೆ ಇಳಿಸಿದರು, ರೇಡಿಯೇಟರನ್ನು ಗೋಡೆಗೆ ಒರಗಿಸಿದರು. ಎಂಜಿನ್ನಿನ ಮೇಲೆ ಮೂರು ಕಾಲಿನ ಕಬ್ಬಿಣದ ಸ್ಟ್ಯಾಂಡ್ ನಿಲ್ಲಿಸಿ, ಭಾರ ಎತ್ತುವ ಚೈನ್ ಬ್ಲಾಕ್ ತೂಗುಹಾಕಿದರು.

ಅಷ್ಟರಲ್ಲಿ ಮೇಸ್ತ್ರಿಯ ಸೊಸೆ ಬಂದಳು. ಸರಕು ಇಳಿಸುವ ದೊಡ್ಡ ಯಾರ್ಡಿನಲ್ಲಿ ಕ್ರೇನಿನವನಿಗೆ ಕೈಸನ್ನೆ ತೋರಿಸುವುದು ಅವಳ ಕೆಲಸ. ಅವತ್ತು ಅವಳಿಗೆ ರಜೆ. ರಜೆಯಾದರೂ ಭಾರ ಕಂಡಲ್ಲಿ ಅವಳ ಕಣ್ಣು ಸುಮ್ಮನಿರದು. ಮರದ ದಿಮ್ಮಿಗಳನ್ನು ಹೊತ್ತುತಂದು ಪಟ್ಟಿಯ ಹಿಂದೆ ಮುಂದೆ ಒತ್ತಿಟ್ಟಳು.

“ಅದು ಆಮೆ ಕಣಮ್ಮ, ಎಲ್ಲಿಗೆ ಓಡಿಹೋಗುತ್ತೆ?” ಎಂದರು ಮೇಸ್ತ್ರಿ.

“ಓಡದಿದ್ರೂ ಜರುಗುತ್ತಲ್ಲ ಮಾವ. ಎಂಜಿನ್ ಬಿಡಿಸಿದ ಮೇಲೆ ಗೇರ್‌ಬಾಕ್ಸಿಗೆ ಮುಂದೆ ಆಸರೆ ಇರಲ್ಲ. ಅದರಡೀನೂ ಒಂದು ದಿಮ್ಮಿ ಕೊಡೋಣ. ಇನ್ನೊಂದು ಮಾತು. ನಮ್ಮ ಯಾರ್ಡಲ್ಲಿ ‘ಎತ್ತು’ ಅನ್ನೋದು ಒಬ್ಬರೇ. ಆದ್ರೆ ‘ನಿಲ್ಲಿ’ ಅಂತ ಯಾರು ಬೇಕಾದ್ರೂ ಕೂಗಬಹುದು. ಕೂಗಿದ ತಕ್ಷಣ ಎಲ್ಲರೂ ನಿಲ್ಲಬೇಕು. ಯಾಕೆ ಏನು ಅಂತ ಆಮೇಲೆ ಕೇಳೋದು.”

“ಹಾಗಾದ್ರೆ ನಿಮ್ಮತ್ತೆ ಊಟಕ್ಕೆ ಕರೆದ್ರೂ ನಿಲ್ಲಬೇಕಾ?”

ಒಳಬಾಗಿಲಿಂದ ಅತ್ತೆಯ ದನಿ ಬಂತು: “ಅದಕ್ಕೆ ಮಾತ್ರ ನೀವು ಹೇಳಿಸ್ಕೊಳ್ಳದೇ ನಿಲ್ತೀರಿ ಬಿಡಿ!”

ಎಲ್ಲರೂ ನಕ್ಕರು. ಮೇಸ್ತ್ರಿಯೂ ನಕ್ಕರು, ಆದರೆ ಒಳಗೊಳಗೇ ಚುರುಕ್ಕೆಂದಿತ್ತು. ಈ ಶೆಡ್ಡಿನಲ್ಲಿ ಇದುವರೆಗೆ ನಡೆದದ್ದು ಅವರೊಬ್ಬರ ಮಾತು. ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಜನ. ನಿನ್ನೆ ಮೊನ್ನೆ ಬಂದ ಹುಡುಗಿ ತನಗೆ ಪಾಠ ಹೇಳುವುದೇ? “ಈ ಎಂಜಿನ್ ನಂಗೆ ಹೊಸದಲ್ಲ. ಕಣ್ಣು ಮುಚ್ಕೊಂಡು ಬಿಚ್ತೀನಿ. ಎಲ್ಲ ಬೋಲ್ಟೂ ಬಿಚ್ಚಾಗಿದೆ, ಆಚೆ ಸರೀರಿ,” ಎಂದು ಚೈನ್ ಎಳೆಯತೊಡಗಿದರು.

ಕಟಕಟ ಸದ್ದು ಮಾಡುತ್ತ ಎಂಜಿನ್ನಿನ ಮೂತಿ ಮೇಲೆದ್ದಿತು. ಹಿಂಭಾಗ ಮಾತ್ರ ಅಲುಗಲಿಲ್ಲ. ಮೇಸ್ತ್ರಿ ಮತ್ತೂ ಎಳೆದರು. ಚೈನ್ ಬಿಗಿದು ಬಿರುಸಾಯಿತು, ಸ್ಟ್ಯಾಂಡಿನ ಒಂದು ಕಾಲು ಕಿರ್ ಎಂದಿತು. ಎಂಜಿನ್ನಿಗೂ ಕ್ಲಚ್ಚಿನ ಪೆಟ್ಟಿಗೆಗೂ ನಡುವೆ ಒಂದು ಬದಿಯಲ್ಲಿ ಕೈ ತೂರುವಷ್ಟು ಸಂದಿ ಬಿಟ್ಟಿತ್ತು, ಇನ್ನೊಂದು ಬದಿಯ ತಳದಲ್ಲಿ ಎಲ್ಲೋ ಕಚ್ಚಿಕೊಂಡಿತ್ತು.

“ಮಗಾ, ಸಂದಿಗೆ ಕೈ ಹಾಕಿ ನೋಡು, ಎಲ್ಲಿ ಹಿಡ್ಕೊಂಡಿದೆ ಅಂತ.”

ಕಣ್ಣಿಗೆ ಕಾಣದ್ದನ್ನು ಬೆರಳಿನಿಂದ ಕಾಣುವುದು ಮೇಸ್ತ್ರಿಯ ವಿದ್ಯೆ. ಮಗನಿಗೂ ಅದನ್ನೇ ಕಲಿಸಿದ್ದರು. ಅವನು ಹಿಂದೆಮುಂದೆ ನೋಡದೆ ಅಂಗಿಯ ತೋಳು ಮಡಚಿ ಕೈ ಚಾಚಿದ.

“ನಿಲ್ಲಿ!”

ಸೊಸೆಯ ಕೂಗಿಗೆ ಅವನ ಕೈ ಗಾಳಿಯಲ್ಲೇ ನಿಂತಿತು. ಅವನು ಅಪ್ಪನ ಮುಖ ನೋಡಿದ, ಹೆಂಡತಿಯ ಮುಖ ನೋಡಿದ, ಆಮೇಲೆ ಮೆಲ್ಲಗೆ ಕೈ ಹಿಂದೆ ತೆಗೆದುಕೊಂಡ.

“ಓಹೋ, ಈಗಲೇ ಹೆಂಡತಿ ಮಾತಿಗೆ ತಲೆ ಆಡಿಸೋಕೆ ಕಲಿತ್ಯಾ? ಆಚೆ ನಿಂತ್ಕೋ, ನಾನೇ ನೋಡ್ತೀನಿ,” ಎಂದು ಮೇಸ್ತ್ರಿ ರೇಗಿದರು.

“ಮಾವ, ಚೈನ್ ಬಿಗಿಯಾಗಿದೆ. ಕಚ್ಚಿಕೊಂಡಿದ್ದು ಯಾವಾಗ ಬಿಡುತ್ತೋ ಗೊತ್ತಿಲ್ಲ. ಮೊದಲು ಸಡಿಲ ಬಿಡಿ, ಆಮೇಲೆ ನೋಡೋಣ. ಈಗ ನೋಡ್ಲೇಬೇಕು ಅಂದ್ರೆ ದೂರದಿಂದ ಕೋಲು ಹಾಕಿ. ಕೈ ಬೇಡ. ನಿಮ್ಮ ಕಾಲಿಗೆ ಬೀಳ್ತೀನಿ.”

ಇವಳ ಬಾಯಿ ಮುಚ್ಚಿಸಿದರೆ ಸಾಕೆಂದು ಮೇಸ್ತ್ರಿ ಸುತ್ತಿಗೆಯ ಹಳೇ ಹಿಡಿಯೊಂದನ್ನು ಎತ್ತಿಕೊಂಡು, ಒಂದು ಬದಿಗೆ ನಿಂತು ಸಂದಿಗೆ ತೂರಿಸಿದರು. ಕೆಳಗೆ ಏನೋ ಠಣ್ಣೆಂದು ಮುರಿಯಿತು. ಎಂಜಿನ್ ಒಮ್ಮೆಲೇ ಮೇಲಕ್ಕೆ ಜಿಗಿದು, ತೂಗಿ ಹಿಂದಕ್ಕೆ ಬಂದು, ಪೆಟ್ಟಿಗೆಗೆ ಧಡ್ಡೆಂದು ಅಪ್ಪಳಿಸಿತು. ಗಟ್ಟಿಮರದ ಹಿಡಿ ನಡುವೆ ಸಿಕ್ಕಿ ಕಬ್ಬಿನ ಸಿಪ್ಪೆಯಾಯಿತು.

ಮೇಸ್ತ್ರಿ ಕೈಯಲ್ಲಿ ಉಳಿದ ಮರದ ತುಂಡನ್ನು ಕೆಳಗೆ ಹಾಕಿ, ಮಗನ ಹತ್ತಿರ ಹೋಗಿ ಅವನ ಬಲಗೈ ಹಿಡಿದುಕೊಂಡರು. ಮೊಣಕೈಯಿಂದ ಬೆರಳ ತುದಿಯವರೆಗೆ ತಿರುಗಿಸಿ ತಿರುಗಿಸಿ ನೋಡಿದರು.

“ಏನೂ ಆಗಿಲ್ಲ ಬಿಡಪ್ಪ.”

“ಸುಮ್ನಿರೋ. ನೋಡ್ಕೋತೀನಿ.” ಕೈ ಹಾಕು ಅಂದದ್ದು ತಾನೇ ಅಲ್ಲವೇ ಎಂಬ ಮಾತು ಎದೆಯಲ್ಲಿ ಕುಟ್ಟುತ್ತಿತ್ತು. ಅದರ ಜೊತೆಗೇ, ಕೈ ಬಿಸಿಯಾಗಿದೆ, ಗಟ್ಟಿಯಾಗಿದೆ, ಇಡಿಯಾಗಿದೆ ಎಂಬ ನೆಮ್ಮದಿ ಉಕ್ಕಿ ಬಂದು ಕಣ್ಣು ತುಂಬಿತು.

ಸದ್ದು ಕೇಳಿ ಓಡಿಬಂದ ಅತ್ತೆ ಮಗನ ಮೈದಡವಿ, “ಬೀಸೋ ದೊಣ್ಣೆ ತಪ್ಪಿದ್ರೆ ಸಾವಿರ ವರ್ಷ ಆಯಸ್ಸು,” ಎಂದು ನಿಟ್ಟುಸಿರುಬಿಟ್ಟರು.

“ದೊಣ್ಣೆ ಪ್ರತಿ ಸಲ ತಪ್ಪಲ್ಲ ಅತ್ತೆ,” ಎಂದಳು ಸೊಸೆ.

ಎಲ್ಲರೂ ಕೂತು ನೀರು ಕುಡಿದರು. ಆಮೇಲೆ ಎಂಜಿನ್ನನ್ನು ನಿಧಾನಕ್ಕೆ ದಿಮ್ಮಿಗಳ ಮೇಲೆ ಇಳಿಸಿ, ಚೈನ್ ಸಡಿಲ ಬಿಟ್ಟು, ತಳದಲ್ಲಿ ಕಲ್ಲಾಗಿದ್ದ ಮಣ್ಣನ್ನು ಕೆರೆದರು. ಒಳಗೆ, ಬಿಚ್ಚದೇ ಉಳಿದು ಈಗ ಮುರಿದ ಬೋಲ್ಟೊಂದರ ತಲೆ ಕೂತಿತ್ತು. ಬಿಚ್ಚುವ ಮೊದಲು ಮಣ್ಣು ತೊಳೆದಿದ್ದರೆ ಅದು ಎಲ್ಲರ ಕಣ್ಣಿಗೂ ಕಾಣುತ್ತಿತ್ತು. ಮೇಸ್ತ್ರಿ ಚೈನು, ಕೊಕ್ಕೆ, ಸ್ಟ್ಯಾಂಡಿನ ಕಾಲು ಎಲ್ಲವನ್ನೂ ಮುಟ್ಟಿ ಪರೀಕ್ಷಿಸಿದರು.

“ಇನ್ನು ‘ಎತ್ತು’ ಅನ್ನೋದು ನೀನೇ ಕಣಮ್ಮ,” ಎಂದರು ಸೊಸೆಗೆ.

ಅವಳ ಕೈಸನ್ನೆಗೆ ಸರಿಯಾಗಿ ಎಂಜಿನ್ ಬೆಣ್ಣೆಯಲ್ಲಿನ ಕೂದಲು ತೆಗೆದ ಹಾಗೆ ಮೇಲೆದ್ದಿತು. ಅಷ್ಟರಲ್ಲಿ ಆಮೆಯ ಮಾಲೀಕ ಬಂದ. ಸವೆದ ಪ್ಲೇಟ್ ನೋಡುವ ಆತುರಕ್ಕೆ ತೂಗುವ ಎಂಜಿನ್ನಿನ ಅಡಿಗೇ ತಲೆ ಬಗ್ಗಿಸಿದ.

“ನಿಲ್ಲಿ!”

ಈ ಸಲ ಕೂಗಿದ್ದು ಮೇಸ್ತ್ರಿ. ಚೈನ್ ನಿಂತಿತು, ಮಾಲೀಕನೂ ಬೆಚ್ಚಿ ನಿಂತ.

“ಯಾಕೆ ಮೇಸ್ತ್ರಿ, ಏನಾಯ್ತು?”

“ಯಾಕೆ ಏನು ಅಂತ ಆಮೇಲೆ ಹೇಳ್ತೀನಿ. ಮೊದಲು ಆಚೆ ಬನ್ನಿ!”

ಇದನ್ನು ಓದುತ್ತಿರುವ, ಕೇಳುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಶೆಡ್ಡಿನಲ್ಲೂ ಹೊಲದಲ್ಲೂ ಎಂಜಿನ್ನೋ ಮೋಟರೋ ಎತ್ತುವ ದಿನ ಬರುತ್ತದೆ. ಮೊದಲು ಮಣ್ಣು ತೊಳೆಯಿರಿ, ಬ್ಯಾಟರಿ ಬಿಚ್ಚಿ, ಗಾಡಿಗೆ ದಿಮ್ಮಿ ಕೊಡಿ. ಎತ್ತಿದ ಭಾರ ಅಲುಗದಿದ್ದರೆ ಬಲ ಹಾಕಬೇಡಿ, ಚೈನ್ ಸಡಿಲ ಬಿಟ್ಟು ಕಾರಣ ಹುಡುಕಿ. ಸಂದಿಗೆ ಕೈ, ಭಾರದ ಅಡಿಗೆ ತಲೆ ಎಂದಿಗೂ ಬೇಡ. ಅಪಾಯ ಕಂಡರೆ ‘ನಿಲ್ಲಿ’ ಅನ್ನಲು ನಾಚಬೇಡಿ, ಅಂದವರ ಮೇಲೆ ರೇಗಬೇಡಿ. ಸವೆದ ಪ್ಲೇಟಿಗೆ ಬದಲಿ ಸಿಗುತ್ತದೆ. ಮಗನ ಕೈಗೆ ಸಿಗುವುದಿಲ್ಲ.