ಮರಗೆಲಸದ ಕಪಾಟಿನಲ್ಲಿ ಕಾಲುಪೆಟ್ಟಿಗೆ

ತುಮಕೂರಿನ ಯೂನಿವರ್ಸಿಟಿ ಲೈಬ್ರರಿಯೊಂದರಲ್ಲಿ ಒಂದೂವರೆ ಲಕ್ಷ ಪುಸ್ತಕಗಳಿವೆ. ಅಷ್ಟರೊಳಗಿಂದ ನಮ್ಮ ಹುಡುಗಿಗೆ ಬೇಕಾದ ಒಂದೇ ಒಂದನ್ನು ನಾನು ಕಣ್ಣಿಗೆ ಬಟ್ಟೆ ಕಟ್ಟಿಕೊಂಡು, ಬರೀ ಮೂಸಿ, ಕೈಯಲ್ಲಿದ್ದ ಕಾಫಿ ಆರುವುದರೊಳಗೆ ಹೊರಗೆಳೆದೆ. ನಂಬದಿದ್ದರೆ ಗುಬ್ಬಿ ಬಸ್ ಸ್ಟ್ಯಾಂಡಿನಲ್ಲಿ ಯಾರನ್ನಾದರೂ ಕೇಳಿ. ಎಲ್ಲರಿಗೂ ನಾನೇ ಹೇಳಿದ್ದೇನೆ.

ಹುಡುಗಿ ಅಂದರೆ ಕುಣಿಗಲ್ಲಿನ ನಮ್ಮಕ್ಕನ ಮಗಳು ಮಧುಶ್ರೀ. ಹಳ್ಳಿ ನಾಟಕಗಳ ಹಾರ್ಮೋನಿಯಂ ಸಂಗೀತದ ಮೇಲೆ ಪಿಎಚ್.ಡಿ. ಮಾಡುತ್ತಿದ್ದಾಳೆ. ಎರಡು ವರ್ಷ ಊರೂರು ಅಲೆದು ಹಾರ್ಮೋನಿಯಂ ಮಾಸ್ತರರ ಮಾತನ್ನೆಲ್ಲ ರೆಕಾರ್ಡ್ ಮಾಡಿಕೊಂಡಿದ್ದಳು. ಅವಳ ಗೈಡು, "ಬಾಯಿಮಾತು ಸಾಲದು. ಸೋಮವಾರದೊಳಗೆ ಬರೆದಿಟ್ಟ ದಾಖಲೆ ಒಂದಾದರೂ ತೋರಿಸು, ಇಲ್ಲಾ ವಿಷಯ ಬದಲಾಯಿಸು" ಅಂದುಬಿಟ್ಟಿದ್ದರು. ಅವತ್ತು ಶನಿವಾರ.

ಲೈಬ್ರೇರಿಯನ್ ನೇತ್ರಾವತಿ ಮೇಡಂ ಕಂಪ್ಯೂಟರಿನಲ್ಲಿ 'ಹಾರ್ಮೋನಿಯಂ' ಅಂತ ಹೊಡೆದರು. ನಾಲ್ಕು ಪುಸ್ತಕ ಬಂದವು. ನಾಲ್ಕನ್ನೂ ಮಧುಶ್ರೀ ಆಗಲೇ ಅರೆದು ಕುಡಿದಿದ್ದಳು. ಅವಳ ಮುಖ ಸಣ್ಣಗಾಯಿತು.

ಬೇರೆ ಯಾರಾದರೂ ಆಗಿದ್ದರೆ "ಇಲ್ಲಮ್ಮ" ಅಂದು ಊಟಕ್ಕೆ ಎದ್ದಿರುತ್ತಿದ್ದರು. ಈ ಮಹಾತಾಯಿ ಕನ್ನಡಕ ಹಣೆಗೇರಿಸಿ, "ಪುಸ್ತಕದ ಮಾತು ಬಿಡಮ್ಮ. ನಿಮ್ ಮಾಸ್ತರ್ರು ಅದನ್ನ ಏನಂತ ಕರೀತಾರೆ?" ಅಂದರು.

"ಪೆಟ್ಟಿಗೆ ಅಂತಾರೆ ಮೇಡಂ. ಕಾಲಲ್ಲಿ ತಿದಿ ಒತ್ತೋದಾದ್ರೆ ಕಾಲುಪೆಟ್ಟಿಗೆ."

ಹೊಡೆದರು. ಒಂದೇ ಸಾಲು ಬಂತು: 'ಕಾಲುಪೆಟ್ಟಿಗೆ ಪಾಠ, ಕೈಬರಹ. ವಿಷಯ: ಮರಗೆಲಸ.'

ಮಂಡಿನೋವಿನಲ್ಲೇ ಆಯಮ್ಮ ಎರಡು ಮಹಡಿ ಹತ್ತಿದರು. ಬಾಗಿಲು, ಕಿಟಕಿ ಮಾಡುವ ಪುಸ್ತಕಗಳ ಸಂದಿಯಲ್ಲಿ ಒಂದು ಹಳೇ ನೋಟ್‌ಬುಕ್ಕು. ತೆರೆದರೆ ಪುಟಪುಟಕ್ಕೂ ಸ್ವರ! ಪಕ್ಕದಲ್ಲಿ ಸಣ್ಣ ಅಕ್ಷರ: 'ರಾಜನ ಪಾತ್ರಕ್ಕೆ ಶ್ರುತಿ ಕಪ್ಪು ಎರಡು. ಗಂಟಲು ಕಟ್ಟಿದ್ದರೆ ಬಿಳಿ ಒಂದಕ್ಕೆ ಇಳಿಸು, ಜನಕ್ಕೆ ಗೊತ್ತಾಗಬಾರದು.'

ಮಧುಶ್ರೀ ಅದನ್ನು ಎದೆಗೊತ್ತಿಕೊಂಡು ಅತ್ತೇಬಿಟ್ಟಳು.

ನಾನು ಸುಮ್ಮನಿರಬೇಕಿತ್ತು. "ವಾಸ್ನೇಲೇ ಗೊತ್ತಾಯ್ತು ಕಣೇ ನಂಗೆ! ಅಲ್ಲಾ, ಇದನ್ನ ಮರಗೆಲಸ ಅಂತ ಬರ್ದವ್ನು ಯಾವನೇ? ಕತ್ತೆಗೇನ್ ಗೊತ್ತು ಕಸ್ತೂರಿ ಪರಿಮಳ!"

ನೇತ್ರಾವತಿ ಮೇಡಂ ನೋಟ್‌ಬುಕ್ಕಿನ ಕೊನೇ ರಟ್ಟು ತಿರುಗಿಸಿದರು. ಅಲ್ಲಿ ಅಂಟಿಸಿದ್ದ ಚೀಟಿಯನ್ನು ಮೆಲ್ಲಗೆ ಓದಿದರು. "ಕೊಟ್ಟವರು, ಅನಂತರಾಜು, ಗುಬ್ಬಿ. ವಿಷಯ, ಮರಗೆಲಸ. ಬಾಗಿಲ ರಿಜಿಸ್ಟರ್‌ನಲ್ಲಿ ಈಗ ಬರೆದಿದ್ದೂ ಇದೇ ಹೆಸ್ರು. ಅಕ್ಷರ ನಿಮ್ದೇ ಅಲ್ವಾ ಸಾರ್?"

"ಮಾವಾ!" ಅಂದಳು ಮಧುಶ್ರೀ. ಅಳುತ್ತಿದ್ದವಳು ಈಗ ನಗುತ್ತಿದ್ದಳು.

ಒಪ್ಪಿಕೊಂಡೆ. ಸಿ.ಎಸ್. ಪುರದ ಶಿವರಾಮಯ್ಯ ಮಾಸ್ತರ್ರು ತೀರಿಕೊಂಡಾಗ, ಮನೆಯವರು ಅವರ ಆ ನೋಟ್‌ಬುಕ್ಕನ್ನು ಲೈಬ್ರರಿಗೆ ಮುಟ್ಟಿಸು ಅಂತ ನನ್ನ ಕೈಗೆ ಕೊಟ್ಟಿದ್ದರು. ಫಾರಂನಲ್ಲಿ 'ವಿಷಯ' ಅಂತಿತ್ತು. ಗುಬ್ಬಿ ಬಸ್ಸಿಗೆ ಹೊತ್ತಾಗಿತ್ತು. ಕಾಲಿರುವ ಪೆಟ್ಟಿಗೆ ಅಂದಮೇಲೆ ಬಡಗಿ ಕೆಲಸವೇ ಅಂತ, ಒಂದು ಪುಟವನ್ನೂ ತೆರೆಯದೆ ಬರೆದೆ. ಊರಿಗೆ ಬಂದು ಅಷ್ಟನ್ನೂ ಓದಿಯೇ ಕೊಟ್ಟೆ ಅಂದೆ.

ಒಂದೂವರೆ ಲಕ್ಷದಲ್ಲಿ ನಾನು ಮುಟ್ಟಿದ್ದು ಅದೊಂದನ್ನೇ, ಅದನ್ನೂ ಕಳೆದಿದ್ದೆ. ಹುಡುಕಿದ್ದು ಆಯಮ್ಮ. ಇನ್ನು ಆ ಕಾಫಿ... ಲೈಬ್ರರಿಯೊಳಗೆ ಕಾಫಿ ಬಿಡಲ್ಲ ಕಣ್ರೀ. ಅದೂ ಸುಳ್ಳೇ.