ವೇದಿಕೆಯ ಮೇಲಿನ ಅಡಿಕೆ ಮರ

ಬಿಳಗಿಯ ತೋಟಗಳಲ್ಲಿ ಅಡಿಕೆ ಗೊಂಚಲು ಇಳಿಸುವ ಕೊನೆ ಕೊಯ್ಲು ಶುರುವಾಗಿ ಹದಿನೈದು ದಿನವಾಗಿತ್ತು. ಬೆಳಗಿನ ಚಳಿ ಇನ್ನೂ ಬಿಟ್ಟಿರಲಿಲ್ಲ. ಮರ ಹತ್ತಿ ಕೊಯ್ಯುವ ಕೊನೆಗೌಡ ತಿಮ್ಮ ತುದಿಯಲ್ಲಿ ಕೂತು ಕೊನೆ ಕೊಯ್ದು ಹಗ್ಗದ ಮೇಲೆ ಜಾರಿಸಿಬಿಡುತ್ತಿದ್ದ. ಒಂದು ಮರ ಮುಗಿದರೆ ಅವನು ಕೆಳಗಿಳಿಯುತ್ತಿರಲಿಲ್ಲ. ಮೈಭಾರ ಹಾಕಿ ಮರವನ್ನೇ ತೂಗಿ, ಪಕ್ಕದ ಮರ ಕೈಗೆ ಸಿಕ್ಕಿದ್ದೇ ಅದಕ್ಕೆ ದಾಟಿಬಿಡುತ್ತಿದ್ದ. ಐವತ್ತೆರಡರ ಮೈ, ಮೂವತ್ತು ವರ್ಷದ ಅಭ್ಯಾಸ. ಕೆಳಗೆ ಹಗ್ಗ ಹಿಡಿದವನ ಕಣ್ಣು ಜಾರಿ ಬರುವ ಕೊನೆಯ ಮೇಲೆ ಇರುತ್ತಿತ್ತೇ ಹೊರತು ದಾಟುವವನ ಮೇಲಲ್ಲ.

ಊಟದ ಹೊತ್ತಿಗೆ ತೋಟದ ಒಡೆಯ ಮಂಜಪ್ಪ ಮೊಬೈಲು ತಂದು ಅವನ ಮುಂದೆ ಹಿಡಿದರು. ಅದರಲ್ಲಿ ತಿಮ್ಮನ ಮಗ ಸಂದೇಶ. ಎರಡು ವರ್ಷ ಅಪ್ಪನ ಜೊತೆ ಮರ ಹತ್ತಿದವನು ಈಗ ಶಿರಸಿಯಲ್ಲಿ ಗೆಳೆಯರ ರಾಕ್ ಬ್ಯಾಂಡಿನಲ್ಲಿ ಹಾಡುತ್ತಿದ್ದ. ಯಲ್ಲಾಪುರದ ಯಾವುದೋ ಮೈದಾನ. ವೇದಿಕೆಯ ಎರಡು ಬದಿಗೆ ಕಡಿದು ತಂದ ಅಡಿಕೆ ಮರಗಳನ್ನು ನಿಲ್ಲಿಸಿದ್ದರು. ಕೆನ್ನೆಗೆ ಮೈಕ್ ಅಂಟಿಸಿಕೊಂಡ ಹುಡುಗ ಹಾಡುತ್ತಲೇ ಒಂದರ ತುದಿಗೇರಿ, ತೂಗಿ, ಆಚೆಯದಕ್ಕೆ ದಾಟಿದ. ಕೆಳಗಿನ ಜನ ಹುಚ್ಚು ಹಿಡಿದ ಹಾಗೆ ಕೂಗುತ್ತಿದ್ದರು.

"ಕೊನೆ ಇಲ್ದಿದ್ ಮರ ಹತ್ತಿ ನಿನ್ನ ಮಗ ನಿನಗಿಂತ ಹೆಸರು ಮಾಡಿದ್ನಲ್ಲೋ ತಿಮ್ಮಾ," ಎಂದರು ಮಂಜಪ್ಪ.

ತಿಮ್ಮ ನಕ್ಕ. ಆಮೇಲೆ ಆ ಮರ ಯಾವಾಗ ಕಡಿದದ್ದೋ ಎಂಬ ಯೋಚನೆ ಬಂದು ತಟ್ಟೆಯನ್ನು ಬದಿಗಿಟ್ಟ.

ಸಂಜೆ ಮಗನಿಗೆ ಫೋನು ಮಾಡಿದ. ನಾನೇ ಆರಿಸಿ ಕಡಿದ ಮರಗಳು, ಎಲ್ಲ ಊರಿಗೂ ಅವನ್ನೇ ಲಾರಿಯಲ್ಲಿ ಹಾಕಿಕೊಂಡು ಹೋಗುತ್ತೇವೆ, ಶನಿವಾರ ಇಸಳೂರಿನ ಕಾರ್ಯಕ್ರಮಕ್ಕೂ ಅವೇ ಎಂದು ಸಂದೇಶ ಹೆಮ್ಮೆಯಿಂದ ಹೇಳಿದ. ಕಡಿದು ಇಪ್ಪತ್ತು ದಿನವಾಗಿತ್ತು. ಬೇರಿರುವ ಮರ ಬಾಗುತ್ತದೆ, ಬಾಗಿ ವಾಪಸು ಬರುತ್ತದೆ. ಕಡಿದದ್ದು ಹೊರಗೆ ಹಾಗೇ ಕಂಡರೂ ಒಳಗಿನ ತಿರುಳು ಒಣಗುತ್ತ ಹೋಗಿ, ಒಂದು ದಿನ ಉದ್ದಕ್ಕೆ ಸೀಳುತ್ತದೆ. ಎರಡು ವರ್ಷ ಬರೀ ಹಸಿ ಮರ ಹತ್ತಿದವನಿಗೆ ಅದು ತಿಳಿಯುವುದಾದರೂ ಹೇಗೆ? ಅಡಿಕೆ ಮರವಲ್ಲವೇ, ತನ್ನದೇ ಮರ ಎಂಬ ಧೈರ್ಯ ಅವನಿಗೆ. ತಿಮ್ಮ ಹತ್ತಬೇಡ ಎಂದ. ಮರ ಇಲ್ಲದೆ ನಾಲ್ಕು ಕಡೆ ಹಾಡಿದ್ದೇವೆ, ಕೇಳಲಿಕ್ಕೆ ನಾಯಿಯೂ ನಿಲ್ಲಲಿಲ್ಲ, ಈಗ ಕರೆಯುವವರು ಮೊದಲು ವಿಚಾರಿಸುವುದೇ ಮರ ಹತ್ತುವ ಹುಡುಗ ಬರುತ್ತಾನಾ ಅಂತ, ಎಂದ ಮಗ.

ಶನಿವಾರ ತಿಮ್ಮ ಮಧ್ಯಾಹ್ನಕ್ಕೇ ಕೆಲಸ ಬಿಟ್ಟು ಬಸ್ಸು ಹತ್ತಿದ. ಇಸಳೂರಿನ ಹೊಸ ಮನೆಗಳ ನಡುವಿನ ಖಾಲಿ ಜಾಗದಲ್ಲಿ ವೇದಿಕೆ ಎದ್ದಿತ್ತು. ಹೊತ್ತು ಮುಳುಗುವ ಮೊದಲೇ ಜನ ಸೇರಿದ್ದರು. ತಿಮ್ಮ ಮರಗಳನ್ನು ಬೆರಳ ಗೆಣ್ಣಿನಿಂದ ಬಡಿದು ನೋಡಿದ. ಸದ್ದು ಹಿಡಿಸಲಿಲ್ಲ. ಡ್ರಮ್ಮು ಬಾರಿಸುವ ಫೈಜಲ್, ಬುಡಕ್ಕೆ ಕಬ್ಬಿಣದ ಪಟ್ಟಿ ಬಿಗಿದಿದ್ದೇವೆ ತಿಮ್ಮಣ್ಣ, ಆನೆ ಹತ್ತಿದರೂ ಅಲುಗುವುದಿಲ್ಲ, ಎಂದು ಸಮಾಧಾನ ಹೇಳಿದ. ಅಲುಗದೆ ಇರುವುದೇ ತಿಮ್ಮನ ಹೆದರಿಕೆಯಾಗಿತ್ತು.

"ಮೊದಲು ನಾ ಹತ್ತಿ ನೋಡ್ತೆ," ಎಂದ ಮಗನಿಗೆ. "ಮರ ಸರಿ ಇದ್ರೆ ನೀ ಹತ್ತು. ಇಲ್ದಿದ್ರೆ ನೆಲದ ಮೇಲೆ ನಿಂತು ಹಾಡು."

ಗೆಳೆಯರೆದುರು ಜಗಳ ಬೇಡವೆಂದು ಸಂದೇಶ ತಲೆಯಾಡಿಸಿದ. ತಿಮ್ಮ ಪಂಚೆ ಎತ್ತಿ ಕಟ್ಟಿ, ಹತ್ತುವಾಗ ಪಾದಗಳಿಗೆ ಸಿಕ್ಕಿಸುವ ಮಗನ ಕಾಲ್ಬಳ್ಳಿಯನ್ನೇ ಹಾಕಿಕೊಂಡು ಹತ್ತಿದ. ಎರಡಾಳೆತ್ತರ ಹೋಗುವಾಗ ಒಳಗಿನಿಂದ ಬಿದಿರು ಸೀಳಿದಂಥ ಸಣ್ಣ ಸದ್ದು ಬಂತು. ಬಂದ ಕೆಲಸ ಅಲ್ಲಿಗೆ ಮುಗಿದಿತ್ತು. ಇಳಿದು, ಮರ ಹೋಗಿದೆ ಎಂದು ಹೇಳಿದರೆ ಆಗುತ್ತಿತ್ತು.

ಅಷ್ಟರಲ್ಲಿ ಯಾರೋ ಸಿಳ್ಳೆ ಹೊಡೆದರು. ಆಟ ಶುರುವಾಯಿತೆಂದು ತಿಳಿದು ಮತ್ತೊಬ್ಬರು, ಆಮೇಲೆ ಎಲ್ಲರೂ. ಮುದುಕ ಹತ್ತಿದಾನೆ ನೋಡ್ರೋ ಎಂಬ ನಗು ಒಂದು ಕಡೆಯಿಂದ. ಮೊಬೈಲುಗಳು ಮೇಲೆದ್ದವು. ಅಷ್ಟೊಂದು ಮುಖಗಳು ಒಟ್ಟಿಗೆ ತನ್ನ ಕಡೆ ನೋಡಿದ್ದನ್ನು ತಿಮ್ಮ ಹುಟ್ಟಿದ ಮೇಲೆ ಕಂಡಿರಲಿಲ್ಲ. ಹೊಟ್ಟೆಯೊಳಗೆ ಏನೋ ಬೆಚ್ಚಗಾಯಿತು. ಇಳಿಯುವ ಬದಲು ಇನ್ನಷ್ಟು ಏರಿ ತುದಿಗೆ ಹೋದ. ಒಂದೇ ಸಲ, ಅಂದುಕೊಂಡ. ಮೈಭಾರ ಹಾಕಿ ತೂಗಿದ. ತೂಗಿದ ಪ್ರತಿ ಸಲವೂ ಕೂಗು ಏರಿತು. ಮಗ ಕೆಳಗಿನಿಂದ ಕರೆಯುತ್ತಿದ್ದದ್ದು ಕೇಳಿಯೂ ಕೇಳದ ಹಾಗಾಯಿತು. ಆಚೆಯ ಮರ ಬೆರಳಿಗೆ ತಾಗುವಾಗ ಕಾಲಡಿಯದು ಸೀಳಿಕೊಂಡು ಹೋಯಿತು.

ತೊಡೆಯ ಮೂಳೆ ಎರಡು ಕಡೆ ಮುರಿದಿತ್ತು. ಶಿರಸಿಯ ಆಸ್ಪತ್ರೆಯಲ್ಲಿ ಒಳಗೆ ಸ್ಟೀಲಿನ ಪಟ್ಟಿ ಕೂರಿಸಿದ ಡಾಕ್ಟರು, ನಡೆಯಬಹುದು, ಮರದ ಮಾತು ಮಾತ್ರ ಇನ್ನು ಎತ್ತಬೇಡಿ ಎಂದರು. ಫೈಜಲನ ತಾಯಿ ಕುಲ್ಸುಮ್ ದಿನಾ ಗಂಜಿ ಕಳಿಸಿದರು. ಸಂದೇಶ ಮಂಚದ ಪಕ್ಕ ಬಿಟ್ಟು ಏಳಲಿಲ್ಲ. ನೋಡಲು ಬಂದವರಿಗೆಲ್ಲ, ನಾನು ಬೀಳಬೇಕಾದ ಜಾಗದಲ್ಲಿ ಅಪ್ಪ ಬಿದ್ದ ಎನ್ನುತ್ತಿದ್ದ. ಉಳಿದ ಮರವನ್ನೂ ಗರಗಸ ಹಾಕಿ ತುಂಡು ಮಾಡಿಸಿದ್ದ.

ಎಂಟನೆಯ ದಿನ, ವಾರ್ಡಿನಲ್ಲಿ ಬೇರೆ ಯಾರೂ ಇಲ್ಲದಾಗ, ಅವನು ಕೇಳಿದ: "ಮೇಲೆ ಹೋಗುವಾಗ್ಲೇ ಒಂದು ಸದ್ದು ಬಂತು ಅಂತ ಫೈಜಲ್ ಹೇಳ್ತಿದ್ದ. ನಿಂಗೆ ಕೇಳಿತ್ತಾ ಅಪ್ಪ?"

ತಿಮ್ಮ ಮಗನ ಅಂಗೈ ನೋಡಿದ. ಮರ ತಬ್ಬಿ ತಬ್ಬಿ ಒರಟಾದ ಕೈ. ಕೇಳಿತು, ಕೇಳಿಯೂ ತೂಗಿದೆ ಎಂದರೆ ಇವನಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಮೇಲಿದ್ದಾಗ ಹೊಟ್ಟೆಯೊಳಗೆ ಏನಾಗುತ್ತದೆ ಎಂಬುದು ಇವನಿಗೂ ಗೊತ್ತು. ಅಪ್ಪನಿಗೂ ಹಾಗೇ ಆಯಿತು ಎಂದು ತಿಳಿದ ದಿನ ಇವನು ಇನ್ನೊಂದು ಮರ ಹುಡುಕಿಕೊಂಡು ಹೋಗುತ್ತಾನೆ.

"ಇಲ್ಲ," ಎಂದ ತಿಮ್ಮ. "ತೂಗಿ ನೋಡದೆ ಅದು ಗೊತ್ತಾಗೂದಿಲ್ಲ ಮಾರಾಯ."

ಸಂದೇಶ ಕಣ್ಣೊರೆಸಿಕೊಂಡ. ಈ ಋಣ ಹ್ಯಾಂಗೆ ತೀರಿಸೂದು ಎಂದು ಗೊಣಗಿದ. ಋಣ ತೀರಿಸಬೇಕಾದವನು ತಾನು ಎಂಬುದು ತಿಮ್ಮನ ಬಾಯಿಯವರೆಗೆ ಬಂತು. ಆದರೆ ಅವನು ಗೋಡೆಯ ಕಡೆ ಮುಖ ತಿರುಗಿಸಿ, ಕಾಲಿನ ಕೆಳಗೆ ದಿಂಬು ಸರಿಮಾಡು ಎಂದಷ್ಟೇ ಹೇಳಿದ.